ಮೊದಲ ಆಟೋಕ್ರಾಸ್ ಕಾರು: ನಾಲ್ಕು ಹಳೇ ಕಾರು, ಒಂದು ಕೆಮ್ಮಣ್ಣಿನ ಬಯಲು

ಭಾವನ ಸ್ವಿಫ್ಟ್‌ನ ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿದಾಗ ಕುಂಕುಮದ ಭರಣಿ ಮಗುಚಿದ ಹಾಗೆ ಕೆಂಪು ಧೂಳು ಸುರಿಯಿತು. ಮೆಕ್ಯಾನಿಕ್ ಒಂದು ಕ್ಷಣ ಡ್ರಮ್ ನೋಡಿದ, ಆಮೇಲೆ ನನ್ನ ಮುಖ ನೋಡಿದ. “ಹೊಲ ಉಳೋಕೆ ಹೋಗಿದ್ರಾ ಸಾರ್?” ಅಂದ. ನಾನು ಸುಮ್ನೆ ನಕ್ಕೆ. ಭಾವನಿಗೆ ಇನ್ನೂ ಹೇಳಿರಲಿಲ್ಲ.

ನಡೆದದ್ದು ಇಷ್ಟೇ. ಬೆಂಗಳೂರಿನ ಹೊರಗೆ, ರಾಜಾನುಕುಂಟೆಯಿಂದ ಮುಂದೆ ನನ್ನ ಗೆಳೆಯನ ಚಿಕ್ಕಪ್ಪನ ಜಮೀನಿದೆ. ಸೈಟು ಮಾಡುವುದಕ್ಕೆ ಅಂತ ಮಟ್ಟ ಮಾಡಿಸಿ, ಕಲ್ಲು ನೆಟ್ಟು, ಆಮೇಲೆ ಯಾಕೋ ಹಾಗೇ ಬಿಟ್ಟಿದ್ದಾರೆ. ಅವರನ್ನು ಕೇಳಿ, ಒಪ್ಪಿಸಿ, ಮೂರು ಭಾನುವಾರ ಅಲ್ಲಿ ಕೋನ್ ಇಟ್ಟು ನಾಲ್ಕು ಕಾರು ಓಡಿಸಿದೆವು. ಮಾರುತಿಯ ಆಲ್ಟೊ ಕೆ10, ಹಳೇ ಸ್ವಿಫ್ಟ್ 1.3, ಎಸ್ಟೀಮ್, ಮತ್ತೆ ಭಾರತಕ್ಕೆ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿ ವಿಟೆಕ್. ಆಟೋಕ್ರಾಸ್ ಆಡೋಕೆ ಇವುಗಳಲ್ಲಿ ಒಂದನ್ನು ನಾನು ಕೊಳ್ಳಬೇಕಿತ್ತು. ಬಜೆಟ್ ಎರಡು ಲಕ್ಷ, ಟೈರು ಸೇರಿ.

ಆಟೋಕ್ರಾಸ್ ಗೊತ್ತಿಲ್ಲದವರಿಗೆ ಎರಡು ಮಾತು. ಕಾರಿನ ಹಿಂದೆ ಕಾರು ಬಿದ್ದು ಓಡುವ ರೇಸ್ ಅಲ್ಲ ಇದು. ಕೋನ್ ಇಟ್ಟು ದಾರಿ ಮಾಡಿರುತ್ತಾರೆ, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಕೋನ್ ಬೀಳಿಸಿದರೆ ಸೆಕೆಂಡು ಸೇರಿಸುತ್ತಾರೆ, ದಾರಿ ತಪ್ಪಿದರೆ ಆ ಓಟವೇ ಹೋಯಿತು. ಅಮೆರಿಕದಲ್ಲಿ ಇದನ್ನು ದೊಡ್ಡ ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ಆಡುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಮಣ್ಣಿನ ಮೇಲೆ. ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿನ ವೀಡಿಯೋ ನೋಡಿ ಕಾರು ತಗ್ಗಿಸಿ, ಅಗಲದ ಟೈರು ಹಾಕಿಸಿಕೊಂಡು ಬಂದವರ ಪಾಡು ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಕೆಳಗೆ ಗಟ್ಟಿ ನೆಲ, ಮೇಲೆ ಎರಡು ಬೆರಳು ಸಡಿಲ ಮಣ್ಣು. ಅಗಲದ ಟೈರು ಅದರ ಮೇಲೆ ತೇಲುತ್ತದೆ. ಸಣ್ಣ ಟೈರು ಮಣ್ಣು ಸೀಳಿ ಕೆಳಗಿನ ನೆಲ ಹಿಡಿಯುತ್ತದೆ.

ಅದಕ್ಕೇ ಆಲ್ಟೊ ಕೆ10 ನಮ್ಮೆಲ್ಲರಿಗೂ ಆಶ್ಚರ್ಯ ಕೊಟ್ಟಿತು. 998 ಸಿಸಿ ಎಂಜಿನ್, ಶಕ್ತಿ 67 ಬಿಎಚ್‌ಪಿ. ಕಾಗದದಲ್ಲಿ ಏನೂ ಅಲ್ಲ. ಆದರೆ ಕಾರು ಹಗುರ, ಟೈರು ಸಣ್ಣದು, ಕಡಿಮೆ ವೇಗದಲ್ಲೂ ಪಿಕಪ್ ಚೆನ್ನಾಗಿದೆ. ಬಿಗಿ ತಿರುವಿನಿಂದ ಹೊರಗೆ ಬರುವಾಗ ಎರಡನೇ ಗೇರಿನಲ್ಲೇ ಎಳೆದುಕೊಂಡು ಬರುತ್ತದೆ, ಮೊದಲನೇ ಗೇರಿಗೆ ಇಳಿಸುವ ಹೊಡೆದಾಟ ಇಲ್ಲ. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ 1100, 1400, 1650 ಸಿಸಿ ಅಂತ ತರಗತಿ ಮಾಡುತ್ತಾರೆ. ಹಾಗಾಗಿ ಆಲ್ಟೊ ತನ್ನ ಗಾತ್ರದವರ ಜೊತೆಯೇ ಸೆಣಸುತ್ತದೆ. ನಮ್ಮ ಬಯಲಿನಲ್ಲಿ ನನ್ನ ಒಳ್ಳೆಯ ಟೈಮ್ 55.6 ಸೆಕೆಂಡು.

ತೊಂದರೆ ಬೇರೆ ಕಡೆ ಇದೆ. ಕಾರಿನ ಎತ್ತರ ಜಾಸ್ತಿ, ಅಗಲ ಕಡಿಮೆ. ಎಡಬಲ ಎಡಬಲ ಅಂತ ಕೋನ್ ಸುತ್ತುವಾಗ ಕಾರು ಎಷ್ಟು ವಾಲುತ್ತದೆ ಅಂದರೆ, ಪಕ್ಕದಲ್ಲಿ ಕೂತ ಗೆಳೆಯ ನನ್ನ ಹೆಗಲ ಮೇಲೇ ಬಿದ್ದ. ಸೀಟು ಮೈಯನ್ನು ಹಿಡಿದುಕೊಳ್ಳುವುದೇ ಇಲ್ಲ. ಸ್ಟೀರಿಂಗ್ ಹಿಡಿದು ನೇತಾಡಿಕೊಂಡೇ ಓಡಿಸಬೇಕು. ಗಾಬರಿಯಲ್ಲಿ ದಿಢೀರ್ ಅಂತ ತಿರುಗಿಸುವ ಹೊಸಬರಿಗೆ ಇದನ್ನು ಕೊಡೋಕೆ ನನಗೆ ಸ್ವಲ್ಪ ಭಯವೇ.

ಸಿಟಿ ವಿಟೆಕ್ ವಿಷಯ ಬೇಗ ಮುಗಿಸುತ್ತೇನೆ, ಇಲ್ಲದಿದ್ದರೆ ಅಳು ಬರುತ್ತದೆ. 2000ದಲ್ಲಿ ಬಂದ 1.5 ಲೀಟರಿನ ಆ ಎಂಜಿನ್‌ಗೆ 106 ಬಿಎಚ್‌ಪಿ. ಆರ್‌ಪಿಎಮ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಮೇಲೇರಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಬದಲಾಗಿ ಧ್ವನಿಯೇ ಬೇರೆಯಾಗುತ್ತದೆ. ಆ ಧ್ವನಿಗೆ ಮರುಳಾಗಿ ದುಡ್ಡು ಸುರಿದವರು ನಮ್ಮ ಬೆಂಗಳೂರಿನಲ್ಲಿ ಕಮ್ಮಿ ಇಲ್ಲ. ನನಗೆ 51.8 ಸೆಕೆಂಡು ಬಂತು, ನಾಲ್ಕರಲ್ಲಿ ಎಲ್ಲಕ್ಕಿಂತ ಬೇಗ. ಆದರೆ ಮಾಡೆಲ್ 2003ಕ್ಕೇ ನಿಂತಿತು. ಒಳ್ಳೆಯ ಗಾಡಿ ಇಟ್ಟುಕೊಂಡವರು ಮಾರುವುದಿಲ್ಲ, ಮಾರುವವರ ಹತ್ತಿರ ಒಳ್ಳೆಯ ಗಾಡಿ ಇರುವುದಿಲ್ಲ. ನಾನು ನೋಡಿದ ಒಂದಕ್ಕೆ ಬ್ರೋಕರ್ ಎರಡೂಮುಕ್ಕಾಲು ಲಕ್ಷ ಕೇಳಿದ. ಮೀಟರಿನಲ್ಲಿ 62 ಸಾವಿರ ಕಿಲೋಮೀಟರ್. ಕ್ಲಚ್ ಪೆಡಲ್‌ನ ರಬ್ಬರ್ ಮಾತ್ರ ಸವೆದು ಕಬ್ಬಿಣ ಕಾಣುತ್ತಿತ್ತು. 62 ಸಾವಿರಕ್ಕೆ ಆ ರಬ್ಬರ್ ಅಷ್ಟು ಸವೆಯಲ್ಲ. ಮೀಟರ್ ತಿರುಗಿಸಿದ್ದಾರೆ ಅಂತ ನನ್ನ ಲೆಕ್ಕ. ನಾವು ಓಡಿಸಿದ್ದು ಗೆಳೆಯನದು, ಅವನು ಅದನ್ನು ಮಾರಲ್ಲ. ಓಡಿಸುವಾಗಲೂ ಅವನು ಹೊರಗೆ ನಿಂತು ಉಗುರು ಕಚ್ಚುತ್ತಿದ್ದ. ಪಕ್ಕದಲ್ಲಿ ಒಬ್ಬ ಹಾಗೆ ನಿಂತಿರುವಾಗ ಕೋನ್ ಹತ್ತಿರ ಹೋಗುವುದಾದರೂ ಹೇಗೆ?

ಈಗ ಎಸ್ಟೀಮ್ ಮತ್ತು ಸ್ವಿಫ್ಟ್. ನನ್ನ ನಿಜವಾದ ಹೊಯ್ದಾಟ ಇವೆರಡರ ನಡುವೆಯೇ ಇತ್ತು.

ಎರಡಕ್ಕೂ ಎಂಜಿನ್ ಒಂದೇ ಮನೆತನದ್ದು, ಜಿ13ಬಿಬಿ. 1.3 ಲೀಟರ್, 16 ವಾಲ್ವ್. ಎಸ್ಟೀಮ್‌ನಲ್ಲಿ 85 ಬಿಎಚ್‌ಪಿ, 2005ರ ಸ್ವಿಫ್ಟ್‌ನಲ್ಲಿ 87. ಜಿಪ್ಸಿಯಲ್ಲೂ ಇದೇ ಎಂಜಿನ್ ಇತ್ತು. ಅದಕ್ಕೇ ಇದರ ಸಾಮಾನು ಇವತ್ತಿಗೂ ಸಿಗುತ್ತದೆ. ಹೊಸದು ಬೇಕಾದರೆ ಜೆ.ಸಿ. ರಸ್ತೆ, ಹಳೆಯದು ಸಾಕಾದರೆ ಶಿವಾಜಿನಗರದ ಗುಜರಿ. ಎಂಜಿನ್ ಮೌಂಟ್, ಆಕ್ಸಲ್ ಬೂಟು, ಲೋವರ್ ಆರ್ಮ್ ಎಲ್ಲ ಕೇಳಿದ ತಕ್ಷಣ ಕೈಗೆ ಬರುತ್ತದೆ. ಹೋಂಡಾದ ಸಾಮಾನು ಕೇಳಿದಾಗ ಅದೇ ಅಂಗಡಿಯವರು “ನಾಳೆ ಫೋನ್ ಮಾಡಿ” ಅಂದರು. ಆ ನಾಳೆ ಎರಡು ವಾರ ಆಯಿತು.

ಎಸ್ಟೀಮ್ ಸ್ವಿಫ್ಟ್‌ಗಿಂತ ಸುಮಾರು ನೂರು ಕೆಜಿ ಹಗುರ. ಅದರ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್. ಸ್ವಿಫ್ಟ್‌ಗೆ ಹಿಂದೆ ಎರಡೂ ಚಕ್ರ ಸೇರಿಸುವ ಒಂದೇ ಅಡ್ಡಪಟ್ಟಿ. ಓದುವಾಗ ಇದು ಬರೀ ತಾಂತ್ರಿಕ ವಿವರ. ಮಣ್ಣಿನ ಮೇಲೆ ಕೂತಾಗ ಸೊಂಟಕ್ಕೇ ಗೊತ್ತಾಗುತ್ತದೆ. ನಮ್ಮ ದಾರಿಯಲ್ಲಿ ಆರನೇ ಕೋನ್ ಆದಮೇಲೆ ಮಳೆನೀರು ಕೊರೆದ ಒಂದು ಸಣ್ಣ ಕೊರಕಲು ಇತ್ತು. ಸ್ವಿಫ್ಟ್‌ನ ಒಂದು ಹಿಂಚಕ್ರ ಅದಕ್ಕೆ ಬಿದ್ದರೆ ಇಡೀ ಹಿಂಭಾಗ ಕುಪ್ಪಳಿಸಿ ಅರ್ಧ ಅಡಿ ಪಕ್ಕಕ್ಕೆ ಸರಿಯುತ್ತಿತ್ತು. ಎಸ್ಟೀಮ್ ಆ ಒಂದು ಚಕ್ರವನ್ನಷ್ಟೇ ಇಳಿಸಿ ಎತ್ತಿಕೊಂಡು ಮುಂದೆ ಹೋಗುತ್ತಿತ್ತು.

ಬಿಗಿ ತಿರುವಿನಲ್ಲೂ ಎಸ್ಟೀಮ್ ಹೇಳಿದ ಮಾತು ಕೇಳುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳಿಗೆಲ್ಲ ಒಂದು ರೋಗ ಇದೆ. ವೇಗ ಜಾಸ್ತಿಯಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಮೂತಿ ತಿರುಗಲ್ಲ, ನೇರಕ್ಕೆ ಜಾರುತ್ತದೆ. ಹೊಸಬರು ಇನ್ನೂ ತಿರುಗಿಸುತ್ತಾರೆ, ಇನ್ನೂ ಜಾರುತ್ತದೆ. ನಾನೂ ಮೊದಲ ಭಾನುವಾರ ಪೂರ್ತಿ ಇದನ್ನೇ ಮಾಡಿದೆ. ತಿರುವಿನ ಬಾಯಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಭಾರ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಹಿಂಭಾಗ ಆಚೆ ಸರಿದು ಮೂತಿ ಒಳಗೆ ಬರುತ್ತದೆ. ಆಗ ಮತ್ತೆ ಆಕ್ಸಿಲರೇಟರ್ ಒತ್ತಬೇಕು. ಎಸ್ಟೀಮ್‌ನಲ್ಲಿ ಬರೀ ಕಾಲೆತ್ತಿದರೆ ಸಾಕು. ಸ್ವಿಫ್ಟ್‌ನಲ್ಲಿ ಕಾಲೆತ್ತುವ ಜೊತೆಗೆ ಹ್ಯಾಂಡ್ ಬ್ರೇಕನ್ನೂ ಒಂದು ಚೂರು ಎಳೆಯಬೇಕಾಯಿತು. ಟೈಮ್ ನೋಡಿ: ಎಸ್ಟೀಮ್ 52.4, ಸ್ವಿಫ್ಟ್ 53.1. ಸಿಟಿಗೂ ಎಸ್ಟೀಮ್‌ಗೂ ಅರ್ಧ ಸೆಕೆಂಡಿಗಿಂತ ಒಂದು ಚೂರು ಜಾಸ್ತಿ ಅಂತರ, ಅಷ್ಟೇ. ಗೆಳೆಯನಿಗೆ ಇದನ್ನು ನೆನಪಿಸಬೇಡಿ.

ನಾನು ಚಿಕ್ಕವನಿದ್ದಾಗ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರ ಕೆ-1000 ರ‍್ಯಾಲಿಯ ಫೋಟೋ ಪೇಪರಿನಲ್ಲಿ ಬಂದರೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಎಸ್ಟೀಮ್, ಜಿಪ್ಸಿ ಧೂಳೆಬ್ಬಿಸುತ್ತಿದ್ದ ಫೋಟೋಗಳು. ಹಾಗಾಗಿ ಎಸ್ಟೀಮ್ ಬಗ್ಗೆ ನನ್ನ ಮಾತು ಪೂರ್ತಿ ನ್ಯಾಯವಾಗಿರಲಿಕ್ಕಿಲ್ಲ. ಅಷ್ಟು ಗಮನದಲ್ಲಿರಲಿ.

ಇನ್ನು ಎಸ್ಟೀಮ್ ಮೇಲಿನ ದೂರು. ಮೊದಲನೆಯದು ತುಕ್ಕು. ಕೊನೆಯ ಗಾಡಿಗಳು 2007ರವು. ಬಾಗಿಲಿನ ಕೆಳಗಿನ ಪಟ್ಟಿ, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಈ ಎರಡನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಬೊದ್ ಅಂದರೆ ಒಳಗೆ ಪುಟ್ಟಿ ಮೆತ್ತಿದ್ದಾರೆ. ನಾವು ಓಡಿಸಿದ ಗಾಡಿಗೆ ಮಾಲೀಕರು ಕೇಳಿದ್ದು 85 ಸಾವಿರ. ಎಡಗಡೆ ಬೊದ್ ಅಂತು. ಟಿಂಕರಿಂಗ್‌ಗೆ ಇನ್ನೊಂದು ಮೂವತ್ತು ಸಾವಿರ ಅಂದರು.

ಎರಡನೆಯದು ಎತ್ತರ. ಗಾಡಿ ತಗ್ಗು. ಎರಡನೇ ಭಾನುವಾರ ಅರ್ಧ ಹೂತಿದ್ದ ಸೈಟ್ ಕಲ್ಲೊಂದು ಆಯಿಲ್ ಚೇಂಬರ್‌ಗೆ ಬಡಿಯಿತು. ಟಕ್ ಅಂತ ಒಂದೇ ಸದ್ದು. ಹಿಂದೆ ತಿರುಗಿ ನೋಡಿದರೆ ಕೆಂಪು ಮಣ್ಣಿನ ಮೇಲೆ ಕಪ್ಪು ಗೆರೆ. ಎಂಜಿನ್ ಆಗಲೇ ನಿಲ್ಲಿಸಿದ್ದರಿಂದ ಉಳಿಯಿತು. ಗುಜರಿಯಲ್ಲಿ ಇನ್ನೊಂದು ಚೇಂಬರ್ ಸಿಕ್ಕಿತು, 1,200 ರೂಪಾಯಿ. ಆದರೆ ಅವತ್ತು ಗಾಡಿ ಹೆಬ್ಬಾಳದ ಫ್ಲೈಓವರ್ ಇಳಿದದ್ದು ಟೋಯಿಂಗ್ ಲಾರಿಯ ಮೇಲೆ. ಕೆಳಗೆ ಕಬ್ಬಿಣದ ಗಾರ್ಡ್ ಇಲ್ಲದೆ ಎಸ್ಟೀಮ್ ಅನ್ನು ಮಣ್ಣಿಗೆ ಇಳಿಸಲೇಬೇಡಿ.

ಮೂರನೆಯದು ಕಾಗದ. ಹದಿನೈದು ವರ್ಷ ದಾಟಿದ ಕಾರಿಗೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು, ಅದೂ ಐದು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ಬದಲಾಗಿದೆ, ಈಗಿನದನ್ನು ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಎಸ್ಟೀಮ್, ಈ ಸಿಟಿ ಎಲ್ಲವೂ ಆ ಗಡಿ ದಾಟಿದವು. ಸ್ವಿಫ್ಟ್ 1.3 ಕೂಡ. ಹಾಗಾಗಿ ಕೊಳ್ಳುವ ಮೊದಲು ಆರ್‌ಸಿಯಲ್ಲಿ ನವೀಕರಣ ಯಾವ ತಾರೀಕಿನವರೆಗೆ ಇದೆ ನೋಡಿ. ‘ಆಮೇಲೆ ಮಾಡಿಸಿಕೊಡ್ತೀನಿ’ ಅನ್ನುವವರ ಹತ್ತಿರ ಟೀ ಕುಡಿದು ಎದ್ದು ಬನ್ನಿ.

ಇಷ್ಟೆಲ್ಲ ಆದಮೇಲೂ ನನ್ನ ಮನಸ್ಸು ಎಸ್ಟೀಮ್ ಕಡೆಗೇ ಇತ್ತು. ಅಡ್ಡ ಬಂದಿದ್ದು ತುಕ್ಕಲ್ಲ, ಪಾರ್ಕಿಂಗ್. ಬಸವೇಶ್ವರನಗರದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಒಂದೇ ಕಾರಿಗೆ ಜಾಗ. ಇನ್ನೊಂದನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಎದುರು ಮನೆಯವರು ಹೂಕುಂಡ ತಂದಿಡುತ್ತಾರೆ. ಅಂದರೆ ಭಾನುವಾರ ಮಣ್ಣಿನಲ್ಲಿ ಉರುಳಾಡಿದ ಕಾರಿನಲ್ಲೇ ಸೋಮವಾರ ಆಫೀಸಿಗೆ ಹೋಗಬೇಕು, ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಟ್ರೇಲರ್ ಇರುವವರ, ಶೆಡ್ ಇರುವವರ ಲೆಕ್ಕ ಬೇರೆ.

ಆ ಲೆಕ್ಕದಲ್ಲಿ ಸ್ವಿಫ್ಟ್ ಮುಂದೆ ಬರುತ್ತದೆ. ಎಸಿ ಕೆಲಸ ಮಾಡುತ್ತದೆ, ಪವರ್ ಸ್ಟೀರಿಂಗ್ ಇದೆ, ಬಾಡಿ ಗಟ್ಟಿ, ಸೀಟು ಆಲ್ಟೊದ ಹಾಗೆ ಜಾರಿಸಲ್ಲ. ಎಂಜಿನ್ ಕಡಿಮೆ ಆರ್‌ಪಿಎಮ್‌ನಲ್ಲಿ ಸ್ವಲ್ಪ ಮಂಕು, ಮೂರೂವರೆ ಸಾವಿರ ಆರ್‌ಪಿಎಮ್ ದಾಟಿದ ಮೇಲೆ ಎದ್ದು ಕೂರುತ್ತದೆ. ಮಣ್ಣಿಗೆ ಬೇಕಾದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿ ಹುಡುಕಿ. ಸ್ವಿಫ್ಟ್‌ನ ಮೇಲ್ದರ್ಜೆಯ ಝಡ್‌ಎಕ್ಸ್‌ಐ ಮಾಡೆಲ್‌ನಲ್ಲಿ ಎಬಿಎಸ್ ಇರುತ್ತದೆ. ಸಡಿಲ ಮಣ್ಣಿನಲ್ಲಿ ಚಕ್ರ ಲಾಕ್ ಆದರೆ ಮುಂದೆ ಮಣ್ಣಿನ ಗುಡ್ಡೆ ಮಾಡಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಲಾಕ್ ಆಗೋಕೆ ಬಿಡಲ್ಲ, ಕಾರು ಉರುಳುತ್ತಲೇ ಇರುತ್ತದೆ. ರಸ್ತೆಯಲ್ಲಿ ಮಾತ್ರ ಅದು ಇದ್ದರೇ ಒಳ್ಳೆಯದು, ಯಾವುದು ಮುಖ್ಯ ಅಂತ ನೀವೇ ತೂಗಿ ನೋಡಿ.

ಯಾವ ಕಾರು ಕೊಂಡರೂ ಮೊದಲ ದುಡ್ಡು ಎಂಜಿನ್‌ಗೆ ಹಾಕಬೇಡಿ. ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್, ಬುಷ್, ಟೈರು, ಹ್ಯಾಂಡ್ ಬ್ರೇಕ್ ಕೇಬಲ್. ನನಗೆ ಇವೆಲ್ಲ ಸೇರಿ 31 ಸಾವಿರ ಆಯಿತು. ಹೆಲ್ಮೆಟ್ ಬೇರೆ. ಸ್ಪರ್ಧೆಗೆ ಇಳಿಯುವುದಾದರೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಲೈಸೆನ್ಸ್ ಬೇಕಾಗುತ್ತದೆ, ಹೆಸರು ಕೊಡುವಾಗಲೇ ಸಂಘಟಕರನ್ನು ಕೇಳಿ. ಇನ್ನೊಂದು ಮಾತು, ಇದನ್ನು ಯಾರೂ ಮುಂಚೆ ಹೇಳಲ್ಲ. ನಮ್ಮ ಸಾಮಾನ್ಯ ಕಾರ್ ಇನ್ಶೂರೆನ್ಸ್ ರೇಸಿಂಗ್‌ಗೆ, ಸ್ಪೀಡ್ ಟೆಸ್ಟ್‌ಗೆ ಅನ್ವಯಿಸಲ್ಲ. ಬಯಲಿನಲ್ಲಿ ಏನಾದರೂ ಆದರೆ ಅದು ನಿಮ್ಮ ಜೇಬಿನದ್ದೇ.

ಭಾವನಿಗೆ ಕೊನೆಗೂ ಗೊತ್ತಾಯಿತು. ಹೇಳಿದ್ದು ಅಕ್ಕ. ಮದುವೆಗೆ ಹೊರಟಾಗ ಅವಳ ಬಿಳಿ ಸೀರೆಯ ಮೇಲೆ ಸೀಟ್ ಬೆಲ್ಟ್‌ನ ಅಗಲಕ್ಕೆ ಸರಿಯಾಗಿ ಒಂದು ಕೆಂಪು ಪಟ್ಟೆ ಮೂಡಿತ್ತು. “ಈ ಗಾಡೀನ ನೀನೇ ಇಟ್ಕೊಳೋ, ನಮಗೆ ಬೇಡ” ಅಂದಳು. ಭಾವ ಏನೂ ಬೈಯಲಿಲ್ಲ. ಟೇಬಲ್ ಮೇಲಿದ್ದ ಪೇಪರಿನ ಅಂಚಿನಲ್ಲಿ 1,55,000 ಅಂತ ಬರೆದು ನನ್ನ ಕಡೆ ತಳ್ಳಿದರು. “ಒಂದೂವರೆ ಮಾಡ್ಕೊಳ್ಳಿ ಭಾವ” ಅಂದೆ. “ಡ್ರೈಕ್ಲೀನಿಂಗ್ ದುಡ್ಡು ಕಣೋ ಆ ಐದು ಸಾವಿರ” ಅಂದರು.

ಗಾಡಿ ಈಗ ನಮ್ಮ ಮನೆ ಕೆಳಗಿದೆ. ಎರಡು ಸಲ ತೊಳೆಸಿದ್ದಾಯಿತು. ಎಸಿ ಹಾಕಿದರೆ ಇನ್ನೂ ಮೊದಲು ಬರುವುದು ರಾಜಾನುಕುಂಟೆಯ ಧೂಳೇ.