ಪವರ್ ಕೇಬಲ್ ಬದಲಿಸಿದರೆ ಹಾಡು ಚೆನ್ನಾಗಿ ಕೇಳುತ್ತಾ? ಮೂರು ದಾರಿ ಹೋಲಿಸಿ ನೋಡಿದೆ

ನನ್ನ ಆಂಪ್ಲಿಫೈಯರ್‌ಗೆ ಈಗ ಸಿಕ್ಕಿಸಿರುವುದು ಅದರ ಡಬ್ಬದಲ್ಲೇ ಬಂದ ಮಾಮೂಲಿ ಕರಿ ಕೇಬಲ್. ದುಬಾರಿ ಪವರ್ ಕೇಬಲ್ ವಾಪಸ್ ಹೋಯಿತು. ಫಿಲ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಉಳಿದಿದೆ, ಆದರೆ ಬೇರೆ ಕಾರಣಕ್ಕೆ. ಸೌಂಡ್ ನಿಜವಾಗಿ ಸುಧಾರಿಸಿದ್ದು ಇವೆರಡಕ್ಕಿಂತ ಎಷ್ಟೋ ಅಗ್ಗವಾದ ಒಂದು ಆಪ್ಟಿಕಲ್ ಕೇಬಲ್‌ನಿಂದ (ಸೌಂಡನ್ನು ಬೆಳಕಾಗಿ ಸಾಗಿಸುವ ಕೇಬಲ್). ಪವರ್ ಕೇಬಲ್‌ಗೆ ದುಡ್ಡು ಹಾಕಬೇಕಾ ಅಂತ ಯೋಚಿಸುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ನಾನು ಹೆಚ್ಚಾಗಿ ಹಾಡು ಕೇಳುವುದು ರಾತ್ರಿ, ಕಡಿಮೆ ವಾಲ್ಯೂಮ್‌ನಲ್ಲಿ, ಸ್ಪೀಕರ್‌ಗಳಿಗೆ ಹತ್ತಿರ ಕೂತು. ಅಂಥ ಹೊತ್ತಲ್ಲಿ ಕೊಳಲಿನ ಎರಡು ಸ್ವರಗಳ ನಡುವಿನ ಮೌನವೂ ಮುಖ್ಯ. ಅಲ್ಲಿ ‘ಗುಂಯ್’ ಅಂತ ಸಣ್ಣ ಸದ್ದು ಬರುತ್ತಿತ್ತು. ಕಂಪ್ಯೂಟರ್‌ನಿಂದ ಹಾಡು ಹಾಕಿದಾಗ ಜಾಸ್ತಿ. ಒಳ್ಳೆಯ ಪವರ್ ಕೇಬಲ್ ಹಾಕಿದರೆ ಹಿನ್ನೆಲೆ ‘ಕಪ್ಪಾಗುತ್ತದೆ’, ಅಂದರೆ ಹಾಡಿನ ಹಿಂದಿನ ಸಣ್ಣ ಸದ್ದೆಲ್ಲ ಅಡಗುತ್ತದೆ, ಅಂತ ಆಡಿಯೊ ಆಸಕ್ತರು ಹೇಳುತ್ತಾರೆ. ಅದಕ್ಕೇ ಒಂದು ತರಿಸಿದೆ. ಬೆರಳಿನಷ್ಟು ದಪ್ಪ, ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಕೇಬಲ್. ಬೆಲೆ ಆಂಪ್ಲಿಫೈಯರ್ ಬೆಲೆಯ ಕಾಲು ಭಾಗ.

ಸೌಂಡ್ ವಿಷಯಕ್ಕೆ ಬರುವ ಮೊದಲು ಆ ಕೇಬಲ್ ಕೊಟ್ಟ ತೊಂದರೆ ಹೇಳಬೇಕು. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಅದು ಬಗ್ಗುವುದೇ ಇಲ್ಲ. ನನ್ನ ಆಂಪ್ಲಿಫೈಯರ್ ಇರುವ ಶೆಲ್ಫ್ ಗೋಡೆಗೆ ಹತ್ತಿರ ಇದೆ. ಮಾಮೂಲಿ ಕೇಬಲ್ ಹಿಂದೆ ಸುಮ್ನೆ ಮಡಚಿಕೊಂಡು ಇಳಿಯುತ್ತದೆ. ಈ ಕೇಬಲ್ ತಿರುಗುವುದಕ್ಕೆ ಹಿಂದೆ ಒಂದು ಗೇಣು ಜಾಗ ಬೇಕು. ಜಾಗ ಕೊಡದಿದ್ದರೆ ಅದು ಆಂಪ್ಲಿಫೈಯರನ್ನೇ ಮುಂದಕ್ಕೆ ತಳ್ಳುತ್ತದೆ. ಶೆಲ್ಫ್ ಮುಂದೆ ಎಳೆದೆ. ಆಗ ಸ್ಪೀಕರ್‌ಗಳ ಜಾಗ ಕೆಟ್ಟಿತು. ಸ್ಪೀಕರ್ ಸರಿದರೆ ಬಾಸ್ ಬದಲಾಗುವುದು ಕಿವಿಗೆ ಗೊತ್ತಾಗಬಹುದು. ಅಂದರೆ ಕೇಬಲ್‌ನಿಂದ ಸೌಂಡ್ ಬದಲಾಯಿತಾ, ಜಾಗದಿಂದ ಬದಲಾಯಿತಾ ಅಂತ ಹೇಳುವುದೇ ಕಷ್ಟ ಆಯಿತು. ಎಲ್ಲವನ್ನೂ ಅಳೆದು ಮೊದಲಿದ್ದ ಜಾಗಕ್ಕೇ ತಂದ ಮೇಲಷ್ಟೇ ಹೋಲಿಕೆ ಶುರು ಮಾಡಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಆಂಪ್ಲಿಫೈಯರ್ ಹಿಂದೆ ಇರುವ ಮೂರು ಪಿನ್ನಿನ ಸಾಕೆಟ್‌ಗೆ ಸಾಮಾನ್ಯವಾಗಿ ಲಾಕ್ ಇರುವುದಿಲ್ಲ. ಪ್ಲಗ್ ಒಳಗಿನ ಲೋಹ ಪಿನ್ನನ್ನು ಬಿಗಿಯಾಗಿ ಹಿಡಿಯುವುದರಿಂದಷ್ಟೇ ಅದು ನಿಲ್ಲುತ್ತದೆ. ಹಗುರ ಕೇಬಲ್‌ಗೆ ಅಷ್ಟು ಸಾಕು. ಈ ಭಾರದ ಕೇಬಲ್ ಕೆಳಗೆ ಜಗ್ಗುತ್ತಾ ಜಗ್ಗುತ್ತಾ ಪ್ಲಗ್ ಓರೆಯಾಯಿತು. ಒಂದು ರಾತ್ರಿ ಹಾಡಿನ ಮಧ್ಯೆ ಚಟಪಟ ಅಂದು ಆಂಪ್ಲಿಫೈಯರ್ ಆಫ್ ಆಯಿತು. ಮುಟ್ಟಿ ನೋಡಿದರೆ ಪ್ಲಗ್ ಅರ್ಧ ಹೊರಗೆ ಬಂದಿತ್ತು. ಇದು ಸಣ್ಣ ವಿಷಯ ಅಲ್ಲ. ಸಡಿಲ ಕನೆಕ್ಷನ್‌ನಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ಆಗುವ ತಡೆ) ಏರುತ್ತದೆ, ಅಲ್ಲೇ ಬಿಸಿ ಹುಟ್ಟುತ್ತದೆ, ಪ್ಲಾಸ್ಟಿಕ್ ಕರಗಬಹುದು. ಆಮೇಲೆ ಕೇಬಲನ್ನು ಶೆಲ್ಫ್‌ನ ಕಾಲಿಗೆ ಪಟ್ಟಿ ಹಾಕಿ ಕಟ್ಟಿದೆ.

ಇನ್ನೊಂದು ತುದಿಯದ್ದು ಬೇರೆ ಕಥೆ. ಪ್ಲಗ್‌ನ ಮೈ ಎಷ್ಟು ದಪ್ಪ ಅಂದರೆ ಪಕ್ಕದ ಸಾಕೆಟ್ ಮುಚ್ಚಿಹೋಯಿತು. ಕೇಬಲ್‌ನ ತಿರುಚಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ನೆಲದಿಂದ ಎದ್ದು ಓರೆಯಾಗಿ ನಿಂತಿತು. ದಿನಾ ಧೂಳು ಒರೆಸುವ ಮನೆಯಲ್ಲಿ ಇದನ್ನು ಸಹಿಸುವುದು ಕಷ್ಟ.

ಈಗ ಸೌಂಡ್. ತಂಗಿಯನ್ನು ಕೂರಿಸಿಕೊಂಡೆ. ನಾನು ಬೆನ್ನು ಹಾಕಿ ಕೂರುವುದು, ಅವಳು ಪ್ರತಿ ಸಲ ನಾಣ್ಯ ಚಿಮ್ಮಿ ಯಾವ ಕೇಬಲ್ ಅಂತ ನಿರ್ಧರಿಸುವುದು, ನನಗೆ ಹೇಳದೆ ಬರೆದಿಡುವುದು. ಯಾವ ಕೇಬಲ್ ಹಾಕಿದ್ದರೂ ವಾಲ್ಯೂಮ್ ನಾಬ್ ಮುಟ್ಟಬಾರದು. ಯಾಕಂದರೆ ಒಂದು ಡೆಸಿಬೆಲ್‌ಗಿಂತ ಕಡಿಮೆ ಏರಿದರೂ ನಮಗೆ ‘ಜೋರು’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. “ಈಗ ಯಾವುದು ಹೇಳಣ್ಣ?” ಅಂತ ಅವಳು ಕೇಳುತ್ತಿದ್ದಳು. ನನ್ನ ಉತ್ತರಗಳಲ್ಲಿ ಸುಮಾರು ಅರ್ಧ ಸರಿ, ಅರ್ಧ ತಪ್ಪು. ಊಹಿಸಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

ಈ ಪರೀಕ್ಷೆಯಲ್ಲಿ ಒಂದು ಕೊರತೆ ಇದೆ, ನಿಜ. ಕೇಬಲ್ ಬದಲಿಸಲು ಆಂಪ್ಲಿಫೈಯರ್ ಆಫ್ ಮಾಡಬೇಕು. ಅಷ್ಟರಲ್ಲಿ ಹಿಂದೆ ಕೇಳಿದ ಸೌಂಡಿನ ಸೂಕ್ಷ್ಮ ನೆನಪು ಮಾಸುತ್ತದೆ. ಅದಕ್ಕೇ ಆಂಪ್ಲಿಫೈಯರ್‌ನ ಪ್ರೀ-ಔಟ್‌ನಿಂದ (ಸ್ಪೀಕರ್ ಓಡಿಸುವಷ್ಟು ಬಲ ಪಡೆಯುವ ಮೊದಲಿನ ಸಿಗ್ನಲ್ ಹೊರಬರುವ ಕಿಂಡಿ) ಎರಡೂ ಕೇಬಲ್‌ಗಳ ಜೊತೆ ಅದೇ ಹಾಡನ್ನು ರೆಕಾರ್ಡ್ ಮಾಡಿದೆ. ಹಾಡೇ ಇಲ್ಲದ ಮೌನವನ್ನೂ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ) ನೋಡಿದೆ. ಗುಂಯ್ ಸದ್ದಿನ 50 ಹರ್ಟ್ಸ್ (ಮನೆಯ ಕರೆಂಟಿನ ಫ್ರೀಕ್ವೆನ್ಸಿ) ಗೆರೆ, ಅದರ 100, 150ರ ಗೆರೆಗಳು ಎರಡರಲ್ಲೂ ಅದೇ ಎತ್ತರದಲ್ಲಿ ಇದ್ದವು. ಕಿವಿಯನ್ನು ಪಕ್ಕಕ್ಕಿಟ್ಟರೂ ಉತ್ತರ ಬದಲಾಗಲಿಲ್ಲ.

ಯಾಕೆ ಹೀಗೆ? ಗೋಡೆಯಿಂದ ಬರುವ ಕರೆಂಟ್ ನೇರ ಸ್ಪೀಕರ್‌ಗೆ ಹೋಗುವುದಿಲ್ಲ. ನನ್ನಂಥ ಆಂಪ್ಲಿಫೈಯರ್‌ನಲ್ಲಿ ಮೊದಲು ಟ್ರಾನ್ಸ್‌ಫಾರ್ಮರ್‌ನಲ್ಲಿ ಅದರ ವೋಲ್ಟೇಜ್ ಇಳಿಯುತ್ತದೆ, ರೆಕ್ಟಿಫೈಯರ್‌ನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಆಗುತ್ತದೆ, ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಆಂಪ್ಲಿಫೈಯರ್ ಅಲ್ಲಿಂದ ತೆಗೆದುಕೊಳ್ಳುತ್ತದೆ. ಇನ್ನು ದಪ್ಪದ ಲೆಕ್ಕ. 0.75 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 26 ಮಿಲಿಓಮ್ ರೆಸಿಸ್ಟೆನ್ಸ್. 2.5 ಚದರ ಮಿಲಿಮೀಟರಿನದ್ದಕ್ಕೆ ಸುಮಾರು 8. ಒಂದೂವರೆ ಮೀಟರ್ ಕೇಬಲ್‌ನಲ್ಲಿ ಕರೆಂಟ್ ಹೋಗಿ ಬರುವ ದಾರಿ ಮೂರು ಮೀಟರ್. ಅಂದರೆ 78 ಮತ್ತು 24 ಮಿಲಿಓಮ್. ಕೆಪಾಸಿಟರ್‌ಗಳು ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ತುಂಡು ತುಂಡಾಗಿ ಎಳೆಯುತ್ತವೆ. ಆ ಕ್ಷಣದಲ್ಲಿ 5 ಆಂಪಿಯರ್ ಅಂದುಕೊಂಡರೂ ಎರಡು ಕೇಬಲ್‌ಗಳ ವ್ಯತ್ಯಾಸ ಕಾಲು ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 230 ವೋಲ್ಟ್ ಇರುವ ಕಡೆ ಗೋಡೆಯ ವೋಲ್ಟೇಜೇ ದಿನದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಏರಿಳಿಯುತ್ತದೆ.

ಎರಡನೆಯದು ಫಿಲ್ಟರ್ ಇರುವ ಬಾಕ್ಸ್. ಗುಂಯ್ ಸದ್ದಿಗೆ ಇದೂ ಏನೂ ಮಾಡಲಿಲ್ಲ. ಆದರೆ ಫ್ರಿಜ್ ಆನ್ ಆದಾಗ ಸ್ಪೀಕರ್‌ನಲ್ಲಿ ಬರುತ್ತಿದ್ದ ‘ಟಿಕ್’ ಚೆನ್ನಾಗಿ ಕಮ್ಮಿ ಆಯಿತು. ಒಳಗಿನ ಫಿಲ್ಟರ್ ಕೆಲಸ ಮಾಡುವುದು ಮುಖ್ಯವಾಗಿ ಮೇಲಿನ ಫ್ರೀಕ್ವೆನ್ಸಿಗಳಲ್ಲಿ, 50 ಹರ್ಟ್ಸ್‌ನಲ್ಲಿ ಅಲ್ಲ. ಸರ್ಜ್ (ವೋಲ್ಟೇಜ್ ಥಟ್ಟನೆ ಜಿಗಿಯುವುದು) ತಡೆಯುವ ವ್ಯವಸ್ಥೆಯೂ ಇದೆ. ಅದಕ್ಕೇ ಇಟ್ಟುಕೊಂಡಿದ್ದೇನೆ. ಆದರೆ ಸರ್ಜ್ ತಡೆಯುವ ಆ ಭಾಗ ಪ್ರತಿ ಏಟಿಗೂ ಸ್ವಲ್ಪ ಸವೆಯುತ್ತದೆ, ಶಾಶ್ವತ ಅಲ್ಲ.

ಮೂರನೆಯ ದಾರಿ, ಆಪ್ಟಿಕಲ್ ಕೇಬಲ್, ಅದೇ ನನಗೆ ಇಷ್ಟವಾದದ್ದು. ಮೊದಲು ಗುಂಯ್ ಯಾಕೆ ಬರುತ್ತಿತ್ತು ಅಂತ ನೋಡೋಣ. ಕಂಪ್ಯೂಟರ್‌ಗೂ ಅರ್ಥಿಂಗ್ ಇದೆ, ಆಂಪ್ಲಿಫೈಯರ್‌ಗೂ ಅರ್ಥಿಂಗ್ ಇದೆ. ನಡುವಿನ ಆಡಿಯೊ ಕೇಬಲ್‌ನ ಹೊರ ಜಾಲರಿ ಇವೆರಡನ್ನೂ ಮತ್ತೊಮ್ಮೆ ಸೇರಿಸುತ್ತದೆ. ಹೀಗೆ ಒಂದು ಸುತ್ತು ಆಗುತ್ತದೆ, ಅದರಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ, ಅದೇ ಹಾಡಿನ ಜೊತೆ ಸೇರಿ ಗುಂಯ್ ಅನ್ನುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಪವರ್ ಕೇಬಲ್‌ನ ಅರ್ಥ್ ತಂತಿ ದಪ್ಪ ಇದ್ದರೆ ಇದು ತುಸು ತಗ್ಗಬಹುದು, ಸುತ್ತು ಮಾತ್ರ ಹಾಗೇ ಉಳಿಯುತ್ತದೆ. ಪರೀಕ್ಷೆ ಸುಲಭ. ಆಡಿಯೊ ಕೇಬಲ್ ಕಿತ್ತು ಬೇರೆ ಇನ್‌ಪುಟ್ ಆರಿಸಿ. ಸದ್ದು ನಿಂತರೆ ತೊಂದರೆ ಇರುವುದು ಎರಡು ಪೆಟ್ಟಿಗೆಗಳ ನಡುವೆ. ನನ್ನದು ನಿಂತಿತು.

ಮೊದಲು ಕಂಪ್ಯೂಟರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಿದೆ. ಖರ್ಚೇ ಇಲ್ಲ, ಸದ್ದು ಅರ್ಧ ಇಳಿಯಿತು. ಆಮೇಲೆ ತಾಮ್ರದ ಆಡಿಯೊ ಕೇಬಲ್ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಹರಿಯಲು ದಾರಿಯೇ ಇಲ್ಲ. ಸ್ಪೀಕರ್‌ಗೆ ಕಿವಿ ಹಚ್ಚಿದರೂ ಗುಂಯ್ ಇಲ್ಲ. ಕೊಳಲಿನ ಉಸಿರು ಎಲ್ಲಿ ಮುಗಿಯುತ್ತದೆ ಅನ್ನುವುದು ಈಗ ಕೇಳಿಸುತ್ತದೆ. ನನಗೆ ನಿಜಕ್ಕೂ ಸಂತೋಷ ಆಯಿತು. ನಿಮ್ಮಲ್ಲಿ ಆಪ್ಟಿಕಲ್ ಕಿಂಡಿ ಇಲ್ಲದಿದ್ದರೆ ಆಡಿಯೊ ಕೇಬಲ್ ನಡುವೆ ಹಾಕಿ ಈ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಆದರೆ ತೀರಾ ಅಗ್ಗದ್ದರಲ್ಲಿ ಟ್ರಾನ್ಸ್‌ಫಾರ್ಮರ್ ಚಿಕ್ಕದಿರುತ್ತದೆ, ಬಾಸ್ ಸೊರಗುತ್ತದೆ.

ಸದ್ದು ನಿಲ್ಲಿಸಲು ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಆಂಪ್ಲಿಫೈಯರ್ ಒಳಗೆ ಒಂದು ತಂತಿ ಕಳಚಿ ಅದರ ಲೋಹದ ಹೊರಮೈಗೆ ತಾಗಿದರೆ, ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಜೀವಕ್ಕೇ ಅಪಾಯ.

ಜೊತೆಗೆ ಬಂದ ಕೇಬಲ್ ಹಳೆಯದಾಗಿ ಬಿರುಕು ಬಿಟ್ಟಿದ್ದರೆ, ಪ್ಲಗ್ ಸಡಿಲವಾಗಿದ್ದರೆ, ಖಂಡಿತ ಬದಲಿಸಿ. ಅದು ಸುರಕ್ಷತೆಗೆ. ದೊಡ್ಡ ಪವರ್ ಆಂಪ್ಲಿಫೈಯರ್‌ಗಳಲ್ಲಿ 16 ಆಂಪಿಯರ್‌ನ ಅಗಲ ಪಿನ್ನಿನ ಸಾಕೆಟ್ ಇದ್ದರೆ ಅದಕ್ಕೆ ತಕ್ಕ ದಪ್ಪ ಕೇಬಲ್ಲೇ ಬೇಕು. ಕೊಳ್ಳುವಾಗ ತಂತಿಯ ದಪ್ಪ, ಸುರಕ್ಷತಾ ಗುರುತು, ಬೇಕಾದಷ್ಟೇ ಉದ್ದ, ಸುಲಭವಾಗಿ ಬಗ್ಗುತ್ತಾ ಅನ್ನುವುದು, ಇಷ್ಟು ನೋಡಿ. ಕೇಬಲ್ ವಾಪಸ್ ಮಾಡಿ ಬಂದ ಹಣದಲ್ಲಿ ನಾನು ಸ್ಪೀಕರ್‌ಗಳಿಗೆ ಸ್ಟ್ಯಾಂಡ್ ತಂದೆ. ಟ್ವೀಟರ್ (ಸ್ಪೀಕರ್‌ನಲ್ಲಿ ತೀಕ್ಷ್ಣ ಸ್ವರ ನುಡಿಸುವ ಚಿಕ್ಕ ಭಾಗ) ಈಗ ಕಿವಿಯ ಮಟ್ಟಕ್ಕೆ ಬಂದಿದೆ. ಆ ವ್ಯತ್ಯಾಸವನ್ನು ತಂಗಿ ಕಣ್ಣು ಮುಚ್ಚಿಕೊಂಡೇ ಗುರುತಿಸಿದಳು.