ಸ್ಟೋರಿವೀವರ್: ಕಥೆ ಪುಕ್ಕಟೆ, ಹೆಸರು ಮಾತ್ರ ಬಿಡಬೇಡಿ

ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಉಚಿತ ಕಥೆಗಳ ವೆಬ್‌ಸೈಟ್ 2015ರಿಂದ ಇದೆ. ನಾಲ್ಕು ಓದಿನ ಹಂತ, ಕನ್ನಡ ಕಥೆಗಳೂ ಬೇಕಾದಷ್ಟು. ಇದೆಲ್ಲ ನಿಮಗೆ ಗೊತ್ತಿದ್ದೇ ಇರುತ್ತದೆ. ಗದಗ ತಾಲ್ಲೂಕಿನ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ಮಕ್ಕಳಿಗೆ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಐದಕ್ಕೆ ಐದು ಸ್ಟಾರ್. ನನ್ನ ಸಿಟ್ಟು ಬೇರೆ ಕಡೆಗಿದೆ.

ಶಾಲೆಯಲ್ಲಿ ನೆಟ್‌ವರ್ಕ್ ಸಿಗೋದು ಕಷ್ಟ, ಹಾಗಾಗಿ ಮನೆಯಲ್ಲೇ ಪಿಡಿಎಫ್ ಇಳಿಸಿಕೊಳ್ಳುತ್ತೇನೆ. ಗದಗ ಮೊದಲಿನಿಂದಲೂ ಮುದ್ರಣಕ್ಕೆ ಹೆಸರಾದ ಊರು, ಝೆರಾಕ್ಸ್ ಅಂಗಡಿಗೇನೂ ಬರವಿಲ್ಲ. ಮುಖಪುಟ ಕಲರ್, ಒಳಗೆಲ್ಲ ಕಪ್ಪು-ಬಿಳುಪು. ನನ್ನ ಕಿಸೆಗೆ ಅಷ್ಟೇ ಆಗೋದು. ಒಂದು ಹಾಳೆಗೆ ಎರಡು ಪುಟ ಹಾಕಿಸಿ, ನಡುವೆ ಕತ್ತರಿಸಿ, ಅಂಚಿಗೆ ದಬ್ಬಣದಿಂದ ಮೂರು ತೂತು ಹಾಕಿ ದಾರ ಕಟ್ಟುತ್ತೇನೆ. ಆಮೇಲೆ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಕ್ಲಿಪ್ ಹಾಕಿ ತೂಗುಬಿಡೋದು. ಶನಿವಾರ ಪ್ರಾರ್ಥನೆ ಮುಗಿದ ತಕ್ಷಣ ಮಕ್ಕಳು ಮೊದಲು ಓಡೋದು ಅಲ್ಲಿಗೇ. ಹರಿದರೆ ಬೈಯೋದಿಲ್ಲ. ಇನ್ನೊಂದು ಪ್ರತಿ ತೆಗೆದರಾಯಿತು, ಯಾರ ಅಪ್ಪಣೆಯೂ ಬೇಡ.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಇದನ್ನು ತೋರಿಸಿದೆ. "ಮುಂದ ರೊಕ್ಕ ಕೇಳ್ತಾರೇನ್ರಿ ಅಕ್ಕೋರೆ?" ಎಂದರು ಒಬ್ಬರು. "ಆದೇಶ ಬಂದೈತೇನು?" ಎಂದರು ಇನ್ನೊಬ್ಬರು. ಈ ಕಥೆಗಳಿಗಿರುವ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಎಂಬ ಮುಕ್ತ ಬಳಕೆಯ ಲೈಸೆನ್ಸ್ ಬಗ್ಗೆ ವಿವರಿಸಿದೆ. ಪ್ರತಿ ತೆಗೆಯಬಹುದು, ಹಂಚಬಹುದು, ಬದಲಾಯಿಸಬಹುದು, ಮಾರಲೂಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಬೇಕು, ಲೈಸೆನ್ಸ್ ಯಾವುದೆಂದು ಹಾಕಬೇಕು, ಬದಲಾಯಿಸಿದ್ದರೆ ಅದನ್ನೂ ತಿಳಿಸಬೇಕು. ಇಷ್ಟೇ. ಎಲ್ಲರೂ ತಲೆಯಾಡಿಸಿದರು.

ಕೆಲವು ದಿನಕ್ಕೆ ನಮ್ಮ ವಾಟ್ಸಾಪ್ ಗ್ರೂಪಿಗೆ ಅದೇ ಕಥೆ ಬಂತು. ಹೆಸರುಗಳಿದ್ದ ಕೊನೆಯ ಪುಟ ಮಾಯ! ಮೇಲೆ ದಪ್ಪ ಅಕ್ಷರದಲ್ಲಿ "ಸಂಗ್ರಹ:" ಅಂತ ಕಳಿಸಿದವರದೇ ಹೆಸರು, ಜೊತೆಗೊಂದು ಫೋಟೊ. ಪ್ರತಿಭಾ ಕಾರಂಜಿಯ ಆಮಂತ್ರಣದಲ್ಲಿ ತಮ್ಮ ಹೆಸರು ಬಿಟ್ಟರೆ ವಾರಗಟ್ಟಲೆ ಮುನಿಸಿಕೊಳ್ಳುವವರು ಇವರೇ ಅಲ್ವಾ? ಝೆರಾಕ್ಸ್ ಅಂಗಡಿಯವನೂ ಕಡಿಮೆಯಿಲ್ಲ. "ಲಾಸ್ಟ್ ಪೇಜ್ ವೇಸ್ಟ್ ರೀ" ಅಂತ ತಾನೇ ತೆಗೆದುಬಿಡುತ್ತಾನೆ.

ಮಕ್ಕಳಿಗೆ ಮಾತ್ರ ಇದನ್ನು ಹೆಚ್ಚು ಹೇಳಿಕೊಡಬೇಕಾಗಿ ಬರಲಿಲ್ಲ. ಒಂದು ಕಥೆಯ ಚಿತ್ರ ಇಟ್ಟುಕೊಂಡು ಬೆಟಗೇರಿ ಸಂತೆಯ ಕಥೆ ಕಟ್ಟಿದರು. ಕೊನೆಯ ಪುಟದಲ್ಲಿ ಮೂಲ ಕಥೆಗಾರರು, ಚಿತ್ರಕಾರರು, ಬದಲಾಯಿಸಿದವರು ಎಂದು ಬರೆಸುತ್ತಿದ್ದೆ. ಅಷ್ಟರಲ್ಲಿ ಒಬ್ಬಳು ಎದ್ದು ನಿಂತಳು: "ಅಕ್ಕೋರೆ, ಆನಿ ಬಾಲಕ್ಕ ಬಣ್ಣ ಹಚ್ಚಿದಾಕಿ ನಾನ್ರಿ." ಅವಳ ಹೆಸರೂ ಸೇರಿತು. ಬಾಲ ಬಿಟ್ಟು ಉಳಿದ ಆನೆಗೆ ಬಣ್ಣ ಹಚ್ಚಿದವನು ಈಗ ತನ್ನ ಹೆಸರು ದೊಡ್ಡದಾಗಿ ಬರಲಿ ಅಂತ ಹಟ ಹಿಡಿದಿದ್ದಾನೆ.