ಯಕ್ಷಗಾನದ ಚಿಟ್ಟಿಯನ್ನು ಚರ್ಮವೆಂದು ಓದುವ ಕ್ಯಾಮೆರಾ: ಒಂದು ತಿರುಗಾಟ ಮುಗಿದ ಮೇಲೆ

ಮೂವತ್ತೈದು ಸಾವಿರದ ಆಸುಪಾಸಿನ ಫೋನ್. ಮೆಗಾಪಿಕ್ಸೆಲ್, ಬ್ಯಾಟರಿ, ಪರದೆಯ ವಿವರಗಳನ್ನು ಈಗಾಗಲೇ ಓದಿರುತ್ತೀರಿ, ಅವು ಇಲ್ಲಿಲ್ಲ. ಚಿತ್ರದೊಳಗಿನ ಮುಖ, ಕೂದಲು, ಬಟ್ಟೆ, ಆಕಾಶಗಳನ್ನು ಬೇರೆಬೇರೆಯಾಗಿ ಗುರುತಿಸಿ ಒಂದೊಂದನ್ನೂ ಒಂದೊಂದು ಬಗೆಯಲ್ಲಿ ತಿದ್ದುವ ಇದರ ಕ್ಯಾಮೆರಾ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಬಳಕೆ ಬಹುಪಾಲು ತೆಂಕುತಿಟ್ಟಿನ (ದಕ್ಷಿಣ ಕನ್ನಡ, ಕಾಸರಗೋಡಿನ ಶೈಲಿಯ) ಯಕ್ಷಗಾನಕ್ಕೆ, ಮೇಳದ ಒಂದು ತಿರುಗಾಟದ ಉದ್ದಕ್ಕೂ: ದೀಪಾವಳಿಯ ಆಚೀಚೆಯಿಂದ ಮೇ ಕೊನೆಯ ಪತ್ತನಾಜೆವರೆಗೆ.

ಮೊದಲು ಖುಷಿ ಕೊಟ್ಟ ಜಾಗ ಹೇಳುತ್ತೇನೆ: ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗ. ಅಲ್ಲಿ ಬೆಳಕು ಒಂದೇ ಸಮ ಇರುವುದಿಲ್ಲ. ಒಬ್ಬರ ಕನ್ನಡಿಯ ಪಕ್ಕದಲ್ಲೇ ಬಲ್ಬು, ಇನ್ನೊಬ್ಬರ ಬೆನ್ನ ಹಿಂದೆ. ಹಳೆಯ ಫೋನಿನಲ್ಲಿ ಬಲ್ಬಿನ ಹತ್ತಿರದ ಮುಖ ಬೆಳ್ಳಗೆ ಹಾರಿಹೋಗುತ್ತಿತ್ತು, ಇಲ್ಲವೇ ಹಿಂದಿನವರ ಮುಖ ಕಪ್ಪಾಗುತ್ತಿತ್ತು. ಇದು ಪ್ರತಿ ಮುಖಕ್ಕೂ ಪ್ರತ್ಯೇಕ ಎಕ್ಸ್‌ಪೋಶರ್ ಕೊಡುತ್ತದೆ. ಬಣ್ಣ ಹಚ್ಚದ ಕಪ್ಪು ಮೈಬಣ್ಣದವರನ್ನು ಬಿಳುಚಿಸುವುದಿಲ್ಲ, ಪಕ್ಕದ ಸ್ತ್ರೀವೇಷದ ಮುಖವನ್ನು ಸುಡುವುದಿಲ್ಲ. ಐಫೋನ್ 13ರಲ್ಲಿ ನಾಲ್ವರವರೆಗೆ ಬೇರೆಬೇರೆಯಾಗಿ ತಿದ್ದುವ ಸೌಲಭ್ಯವೂ, ಪಿಕ್ಸೆಲ್ 6ರಲ್ಲಿ ಕಪ್ಪು ಮೈಬಣ್ಣವನ್ನು ಸರಿಯಾಗಿ ತೋರಿಸಲೆಂದೇ ಮಾಡಿದ ಸಂಸ್ಕರಣೆಯೂ 2021ರಲ್ಲಿ ಬಂದವು. ಆ ಕೆಲಸ ಈಗ ಈ ಬೆಲೆಗೂ ಇಳಿದಿದೆ. ಬೇಗಡೆಯ ಮಿಂಚು, ಮಣಿಸರ, ಮುಂಡಾಸಿನ ನೇಯ್ಗೆ ಎಲ್ಲ ಚುರುಕಾಗಿ ಮೂಡುತ್ತವೆ. ಚೌಕಿಯ ಮಟ್ಟಿಗೆ ಐದಕ್ಕೆ ಐದು.

ರಾಕ್ಷಸ ಪಾತ್ರಗಳ ಬಣ್ಣದ ವೇಷ ಎದುರಿಗೆ ಬಂದ ಕೂಡಲೇ ಈ ಜಾಣತನವೇ ತೊಡಕಾಗುತ್ತದೆ.

ರಾವಣ, ಕುಂಭಕರ್ಣರಂಥ ವೇಷಗಳ ಮುಖದ ಮೇಲೆ ಅಕ್ಕಿ ಮತ್ತು ಸುಣ್ಣ ಅರೆದ ಹಿಟ್ಟಿನಿಂದ ಸಾಲುಸಾಲಾಗಿ ಚಿಟ್ಟಿ ಇಡುತ್ತಾರೆ. ಇಡಲು ಗಂಟೆಗಟ್ಟಲೆ ಬೇಕು. ಒಂದೊಂದು ಚಿಟ್ಟಿಯೂ ಮುಳ್ಳಿನ ಹಾಗೆ ಎದ್ದು ನಿಂತು ತನ್ನದೇ ನೆರಳು ಬೀಳಿಸುತ್ತದೆ. ಮುಖದ ಉಗ್ರತೆ ಇರುವುದೇ ಅಲ್ಲಿ. ಫೋನು ಕಣ್ಣು, ಮೂಗು ಕಂಡೊಡನೆ ಅದನ್ನು ಮುಖ ಎಂದು ಗುರುತಿಸಿ, ಕೆನ್ನೆಯನ್ನೆಲ್ಲ ಚರ್ಮದ ಪಟ್ಟಿಗೆ ಸೇರಿಸುತ್ತದೆ. ಚರ್ಮಕ್ಕೆ ಅದರ ನಿಯಮ: ನಾಯ್ಸ್ (ಕಡಿಮೆ ಬೆಳಕಿನಲ್ಲಿ ಮೂಡುವ ಚುಕ್ಕೆಚುಕ್ಕೆ ಕಲೆ) ಹೆಚ್ಚು ತೆಗೆ, ಚೂಪು ಕಡಿಮೆ ಮಾಡು. ಪರಿಣಾಮವಾಗಿ ಒಳಸಾಲಿನ ಚಿಟ್ಟಿಗಳು ಒಂದಕ್ಕೊಂದು ಅಂಟಿ ಬಿಳಿ ಪಟ್ಟೆಯಾಗುತ್ತವೆ. ದವಡೆಯಂಚಿನ ಚಿಟ್ಟಿ ಮಾತ್ರ ಬಟ್ಟೆಯ ಲೆಕ್ಕಕ್ಕೆ ಬಿದ್ದು ಕಪ್ಪು ಗೆರೆ ಸುತ್ತಿದಷ್ಟು ಹರಿತವಾಗುತ್ತದೆ. ಒಂದೇ ಮುಖದಲ್ಲಿ ಎರಡು ಸಂಸ್ಕರಣೆ. ಮುಖಕ್ಕೆ ಹಚ್ಚುವ ಇಂಗಳೀಕದ ಕೆಂಪನ್ನೂ ಚರ್ಮದ ಬಣ್ಣದ ಕಡೆಗೆ ಎಳೆದು ಕಿತ್ತಳೆ ಮಾಡುತ್ತದೆ. ಬ್ಯೂಟಿ ಸ್ಲೈಡರ್ ಸೊನ್ನೆಗೆ ಇಳಿಸಿದರೂ, ದೃಶ್ಯ ಗುರುತಿಸುವ ಆಯ್ಕೆಯನ್ನು ಆಫ್ ಮಾಡಿದರೂ ಇದು ನಿಲ್ಲಲಿಲ್ಲ, ಏಕೆಂದರೆ ವಸ್ತುವಾರು ನಾಯ್ಸ್ ತೆಗೆಯುವುದು ಅವೆರಡಕ್ಕೂ ಕೆಳಗಿನ ಹಂತ.

ಪರೀಕ್ಷೆ ಸುಲಭ. ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಕೆನ್ನೆ ಮತ್ತು ಕಿರೀಟ ಕೂಡುವ ಗೆರೆ ನೋಡಿ. ಕಿರೀಟದ ಮೇಲಿನ ಸಣ್ಣ ಹರಳು ಹರಳು ನಾಯ್ಸ್ ಕೆನ್ನೆಯ ಬಳಿ ಥಟ್ಟನೆ ನಿಂತರೆ ಅಲ್ಲೇ ಮಾಸ್ಕಿನ, ಅಂದರೆ ಫೋನು ಚರ್ಮವೆಂದು ಬೇರ್ಪಡಿಸಿದ ಭಾಗದ, ಅಂಚು. ಇಂಥ ಮಾಸ್ಕನ್ನು ಸಾಮಾನ್ಯವಾಗಿ ಚಿತ್ರದ ಕುಗ್ಗಿಸಿದ ಪ್ರತಿಯ ಮೇಲೆ ಲೆಕ್ಕ ಹಾಕಿ ಆಮೇಲೆ ಹಿಗ್ಗಿಸುತ್ತಾರೆ, ಹಾಗಾಗಿ ಮುಳ್ಳುಮುಳ್ಳಾದ ಅಂಚು ಅದರ ಹಿಡಿತಕ್ಕೆ ಸಿಗುವುದು ಕಷ್ಟ. ಪಾತ್ರಧಾರಿ ಪಕ್ಕಕ್ಕೆ ತಿರುಗಿ ಕಣ್ಣು ಕಿರೀಟದ ನೆರಳಿಗೆ ಹೋದಾಗ ಫೋನಿಗೆ ಮುಖ ಸಿಗುವುದಿಲ್ಲ. ಆಗ ಚಿಟ್ಟಿ ಇದ್ದಂತೆಯೇ ಬರುತ್ತದೆ. ಆಟೋ ಮೋಡಿನಲ್ಲೇ ತೆಗೆಯಬೇಕಾದವರು ಪಕ್ಕನೋಟ ಹಿಡಿಯುವುದು ಒಳ್ಳೆಯದು.

ದೂರದ ಲೆಕ್ಕವೂ ಇದೆ. 24 ಮಿ.ಮೀ.ಗೆ ಸಮನಾದ ಮುಖ್ಯ ಲೆನ್ಸಿನಲ್ಲಿ, 12 ಮೆಗಾಪಿಕ್ಸೆಲ್ ಚಿತ್ರದಲ್ಲಿ, ಇಪ್ಪತ್ತು ಅಡಿ ದೂರದಿಂದ ಒಂದು ಪಿಕ್ಸೆಲ್‌ಗೆ ಎರಡು ಮಿಲಿಮೀಟರ್‌ಗೂ ಹೆಚ್ಚು ಬೀಳುತ್ತದೆ. ಅಂದರೆ ಐದು ಮಿಲಿಮೀಟರಿನ ಚಿಟ್ಟಿಗೆ ಸಿಗುವುದು ಎರಡೋ ಮೂರೋ ಪಿಕ್ಸೆಲ್. ನಾಯ್ಸ್ ತೆಗೆಯುವ ಕ್ರಮಕ್ಕೆ ಅದು ಕಸದಂತೆಯೇ ಕಾಣುತ್ತದೆ. ಅದೇ ಆರೇಳು ಅಡಿಯಿಂದ ತೆಗೆದರೆ ಏಳರಷ್ಟು ಪಿಕ್ಸೆಲ್ ಸಿಗುತ್ತದೆ. ಚೌಕಿಯಲ್ಲಿ ಅನುಮತಿ ಕೇಳಿ, ವೇಷ ರಂಗಸ್ಥಳಕ್ಕೆ ಹೊರಡುವ ಮುಂಚೆ ತೆಗೆದುಕೊಳ್ಳಿ.

ರಂಗಸ್ಥಳದಲ್ಲೇ ಬೇಕೆಂದರೆ ಉಳಿದ ದಾರಿ ಪ್ರೊ ಮೋಡ್ ಮತ್ತು ರಾ ಫೈಲ್ (ಈ ತಿದ್ದುಪಡಿಗಳಿಲ್ಲದೆ ಸೆನ್ಸರಿನ ಮಾಹಿತಿಯನ್ನು ಉಳಿಸುವ ಫೈಲ್). ಶಟರ್ ಸೆಕೆಂಡಿನ 1/100ಕ್ಕೆ ಕಟ್ಟಿಹಾಕಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. 1/200 ಇಟ್ಟರೆ ಚಿತ್ರದಲ್ಲಿ ಅಡ್ಡಪಟ್ಟಿ ಬರುತ್ತದೆ. 1/100ರಲ್ಲಿ ಧೀಂಗಿಣ (ಹಾರಿ ಸುತ್ತುವ ಕುಣಿತ) ಮಸುಕಾಗುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಮುಖದ ಚಿತ್ರವನ್ನು ಅರ್ಥಗಾರಿಕೆಯ, ಅಂದರೆ ಮಾತುಗಾರಿಕೆಯ, ಹೊತ್ತಿನಲ್ಲಿ ತೆಗೆಯಿರಿ. ಐಎಸ್‌ಒ 400ರಿಂದ 800 (ಬೆಳಕಿಗೆ ಸೆನ್ಸರಿನ ಸಂವೇದನೆ). ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ: ಹಿಮ್ಮೇಳದವರ ಬಿಳಿ ಪಂಚೆ ನೋಡುತ್ತಾ, ಅದು ಬಿಳಿಯಾಗಿ ಕಾಣುವವರೆಗೆ ಕೆಲ್ವಿನ್ ಸ್ಲೈಡರ್ ಸರಿಸಿ ಅಲ್ಲೇ ಬಿಡಿ. ಇಡೀ ರಾತ್ರಿಯ ಕೆಂಪು ಒಂದೇ ಹದದಲ್ಲಿ ಇರುತ್ತದೆ.

ಕುಗ್ಗಿಸದ 12 ಮೆಗಾಪಿಕ್ಸೆಲ್ ರಾ ಫೈಲು ಸುಮಾರು 24 ಎಂಬಿ ಇರುತ್ತದೆ. ಮುನ್ನೂರು ಚಿತ್ರಕ್ಕೆ ಏಳು ಜಿಬಿ ದಾಟುತ್ತದೆ. 50 ಮೆಗಾಪಿಕ್ಸೆಲ್ ರಾ ಅದರ ನಾಲ್ಕುಪಟ್ಟು ತೂಗುತ್ತದೆ, ಆಟದ ರಾತ್ರಿಗೆ ಬೇಡ.

ತಿದ್ದಲು ಉಚಿತ ಸ್ನ್ಯಾಪ್‌ಸೀಡ್ ಸಾಕು, ಅದು ಫೋನಿನ ರಾ ಫೈಲಾದ ಡಿಎನ್‌ಜಿ ತೆರೆಯುತ್ತದೆ. ಲೈಟ್‌ರೂಮಿನ ಮಾಸ್ಕ್‌ಗಳು ಇನ್ನೂ ಚೆನ್ನ, ಆದರೆ ಮೊಬೈಲಿನಲ್ಲಿ ಅವಕ್ಕೆ ಚಂದಾ ಕಟ್ಟಬೇಕು; ತಿಂಗಳಿಗೆ ನಾಲ್ಕಾರು ಆಟ ತೆಗೆಯುವವರಿಗೆ ಮಾತ್ರ ಆ ದುಡ್ಡು ಸಾರ್ಥಕ. ಅಲ್ಲೂ ವ್ಯಕ್ತಿಯನ್ನು ತಾನೇ ಗುರುತಿಸುವ ಮಾಸ್ಕ್ ಬೇಡ, ಬಣ್ಣದ ವೇಷದಲ್ಲಿ ಅದೂ ತಡಕಾಡುತ್ತದೆ. ಬ್ರಶ್ಶಿನಿಂದ ಮುಖ ತುಂಬಿ, ಲೂಮಿನನ್ಸ್ ರೇಂಜನ್ನು (ಹೊಳಪಿನ ಮಟ್ಟ ನೋಡಿ ಆರಿಸುವ ಮಾಸ್ಕ್) ಅದರೊಂದಿಗೆ ಇಂಟರ್‌ಸೆಕ್ಟ್ ಮಾಡಿ ಬಿಳಿಯ ಭಾಗ ಮಾತ್ರ ಉಳಿಸಿ. ಟೆಕ್ಸ್ಚರ್ 20ರಿಂದ 30ರಷ್ಟು ಏರಿಸಿ, ಹೈಲೈಟ್ಸ್ 30ರಷ್ಟು ಇಳಿಸಿ. ಹೈಲೈಟ್ಸ್ ಇಳಿಸದಿದ್ದರೆ ಚಿಟ್ಟಿಯ ಬಿಳುಪು ಉಕ್ಕಿ ನೆರಳು ಮುಚ್ಚಿಹೋಗುತ್ತದೆ. ಇಡೀ ಚಿತ್ರದ ಲೂಮಿನನ್ಸ್ ನಾಯ್ಸ್ ರಿಡಕ್ಷನ್ 15ರ ಮೇಲೆ ಹೋಗದಿರಲಿ.

ಹೀಗೆ ತಿದ್ದಿದ ಚಿತ್ರ ನೋಡಿದಾಗ ಸಿಟ್ಟು ಅರ್ಧ ಇಳಿಯಿತು, ಏಕೆಂದರೆ ಸೆನ್ಸರ್ ಚಿಟ್ಟಿಯನ್ನು ಹಿಡಿದಿತ್ತು, ಕಳೆದದ್ದು ಸಂಸ್ಕರಣೆ. ಮನೆಮಂದಿ, ಮದುವೆ, ಚೌಕಿಗೆ ಈ ಫೋನನ್ನು ಧೈರ್ಯವಾಗಿ ಕೊಳ್ಳಬಹುದು. ಬಣ್ಣದ ವೇಷ, ಭೂತದ ಮುಖವರ್ಣಿಕೆ ದಾಖಲಿಸಬೇಕೆಂದಿರುವವರು ಕೊಳ್ಳುವ ಮೊದಲು ಪ್ರೊ ಮೋಡಿನಲ್ಲಿ ರಾ ಇದೆಯೇ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿಗೂ ಅದು ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ರಾ ಆಯ್ಕೆ ತಾನಾಗಿ ಆರಿಹೋಗಿರುವುದುಂಟು. ಆಟಕ್ಕೆ ಹೊರಡುವ ಮುಂಚೆ ಒಂದು ಚಿತ್ರ ತೆಗೆದು, ಫೈಲಿನ ಗಾತ್ರ ನೋಡಿಕೊಳ್ಳಿ.